ಹುಲ್ಲು ಚಿಗುರಿದ ಮಾತ್ರಕ್ಕೆ

ಮುಚ್ಚಿದ ಕಲ್ಲಿದ್ದಲು ಗಣಿಗಳ ಪುನಶ್ಚೇತನದ ಬಗ್ಗೆ ಮಾತು ಬಂದಾಗಲೆಲ್ಲ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸುತ್ತಾರೆ: ಮೊದಲನೆಯದರಲ್ಲಿ ಕಪ್ಪು ಗುಡ್ಡ, ಎರಡನೆಯದರಲ್ಲಿ ಅದೇ ಗುಡ್ಡದ ಮೇಲೆ ಹಸಿರು ಹುಲ್ಲು. ಈ ಚಿತ್ರಗಳು ಸುಳ್ಳಲ್ಲ. ಆದರೆ ಕೆಲಸ ಸರಿಯಾಗಿ ಆಗಿದೆಯೋ ಇಲ್ಲವೋ ತಿಳಿಯಬೇಕಾದರೆ ಗುಡ್ಡದ ನೆತ್ತಿಯನ್ನಲ್ಲ, ಅದರ ಬುಡದಲ್ಲಿ ಜಿನುಗುವ ನೀರನ್ನು ನೋಡಬೇಕು.

ಅಗೆದ ಕಲ್ಲಿದ್ದಲನ್ನು ತೊಳೆದು ಬೇರ್ಪಡಿಸಿದ ಮೇಲೆ ಉಳಿಯುವ ಕಲ್ಲು, ಜೇಡಿ ಮತ್ತು ಕೀಳು ದರ್ಜೆಯ ಇದ್ದಲಿನ ರಾಶಿಯನ್ನು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬಿಟುಮಿನಸ್ ಎಂಬ ಬಗೆಯ ಕಲ್ಲಿದ್ದಲು ಸಿಗುವ ಪ್ರದೇಶದವರು ‘ಗಾಬ್’ ಎಂದೂ ಅದಕ್ಕಿಂತ ಗಟ್ಟಿಯಾದ ಆಂಥ್ರಸೈಟ್ ಸಿಗುವ ಪ್ರದೇಶದವರು ‘ಕಲ್ಮ್’ ಎಂದೂ ಕರೆಯುತ್ತಾರೆ. ಈ ರಾಶಿಯೊಳಗಿನ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಗಾಳಿ ಮತ್ತು ನೀರಿನ ಸಂಪರ್ಕಕ್ಕೆ ಬಂದಾಗ ಗಂಧಕಾಮ್ಲ ಹುಟ್ಟುತ್ತದೆ. ಆ ಆಮ್ಲ ಸುತ್ತಲಿನ ಕಲ್ಲಿನಿಂದ ಅಲ್ಯುಮಿನಿಯಂ, ಮ್ಯಾಂಗನೀಸ್‌ಗಳನ್ನು ಕರಗಿಸಿಕೊಂಡು ಹರಿಯುತ್ತದೆ, ಕಬ್ಬಿಣವು ಹಳ್ಳದ ತಳದಲ್ಲಿ ಕಿತ್ತಳೆ ಬಣ್ಣದ ಕೆಸರಾಗಿ ಕೂರುತ್ತದೆ. ಲೆಕ್ಕ ಕಠಿಣವಾದುದು: ತ್ಯಾಜ್ಯದಲ್ಲಿ ಪೈರೈಟಿನ ಗಂಧಕ ಶೇ 1ರಷ್ಟಿದ್ದರೆ, ಅಂಥ 1,000 ಟನ್ ತ್ಯಾಜ್ಯದ ಆಮ್ಲವನ್ನು ತಣಿಸಲು 31.25 ಟನ್ ಕ್ಯಾಲ್ಸಿಯಂ ಕಾರ್ಬೊನೇಟ್ (ಸುಣ್ಣಕಲ್ಲಿನ ಮುಖ್ಯ ಅಂಶ) ಬೇಕು. ಮೇಲ್ಮೈಗೆ ಒಂದಿಷ್ಟು ಸುಣ್ಣ ಎರಚಿದರೆ ಹುಲ್ಲಿಗೆ ಸಾಕಾಗಬಹುದು, ಗುಡ್ಡದ ಹೊಟ್ಟೆಗೆ ಸಾಲದು.

ಆದ್ದರಿಂದ ತ್ಯಾಜ್ಯವನ್ನು ಇಡುವ ಬಗೆಯೇ ಮುಖ್ಯ. ಲಾರಿಯಿಂದ ಸುರಿದು ಹೋದ ಸಡಿಲ ರಾಶಿಯೊಳಗೆ ಗಾಳಿಯಾಡುತ್ತದೆ, ಗಾಳಿಯಾಡಿದಲ್ಲಿ ಆಮ್ಲವೂ ಹುಟ್ಟುತ್ತದೆ, ಇದ್ದಲು ತಾನಾಗಿಯೇ ಕಾದು ಬೆಂಕಿಯೂ ಹತ್ತುತ್ತದೆ. ಅಮೆರಿಕದ ನಿಯಮಗಳು ಎರಡು ಅಡಿಗಿಂತ ದಪ್ಪವಿಲ್ಲದ ಪದರಗಳಲ್ಲಿ ಹರಡಿ ರೋಲರಿನಿಂದ ಅದುಮಬೇಕೆಂದೂ, ಕೊನೆಗೆ ವಿಷಕಾರಿಯಲ್ಲದ, ಉರಿಯದ ಮಣ್ಣನ್ನು ಸಾಮಾನ್ಯವಾಗಿ ನಾಲ್ಕಡಿ ಹೊದಿಸಬೇಕೆಂದೂ ಹೇಳುವುದು ಇದಕ್ಕೇ. ನಿಯಮ ಒಳ್ಳೆಯದೇ. ಆದರೆ ನಾಲ್ಕಡಿ ಮಣ್ಣು ಮೇಲಿನ ಮಳೆಯನ್ನು ತಡೆದೀತೇ ಹೊರತು ಕೆಳಗಿನ ಒರತೆಯನ್ನು ತಡೆಯದು.

ಒರತೆಯ ಮೇಲೆ ತ್ಯಾಜ್ಯ ಸುರಿದರೆ ಏನಾಗುತ್ತದೆಂಬುದು 1966ರ ಅಕ್ಟೋಬರ್ 21ರಂದು ವೇಲ್ಸ್‌ನ ಆಬರ್‌ಫಾನ್‌ನಲ್ಲಿ ತಿಳಿಯಿತು. ಅಂದು ಕುಸಿದ ರಾಶಿಯಡಿ ಸತ್ತ 144 ಜನರಲ್ಲಿ 116 ಮಂದಿ ಮಕ್ಕಳು. ಪಶ್ಚಿಮ ವರ್ಜೀನಿಯಾದ ಬಫಲೋ ಕ್ರೀಕ್‌ನಲ್ಲಿ 1972ರ ಫೆಬ್ರವರಿಯಲ್ಲಿ ತ್ಯಾಜ್ಯದಿಂದಲೇ ಕಟ್ಟಿದ ಒಡ್ಡು ಒಡೆದು 125 ಜನ ಕೊಚ್ಚಿಹೋದರು. ಗಣಿ ಪುನಶ್ಚೇತನವನ್ನು ಕಡ್ಡಾಯ ಮಾಡಿದ ಅಮೆರಿಕದ ಕಾನೂನು ಬಂದದ್ದು ಅದಾದ ಐದು ವರ್ಷಕ್ಕೆ, 1977ರಲ್ಲಿ. ಅದರ ನಂತರವೂ, 2000ದಲ್ಲಿ, ಕೆಂಟಕಿಯ ಮಾರ್ಟಿನ್ ಕೌಂಟಿಯಲ್ಲಿ ಇದ್ದಲು ತೊಳೆದ ರಾಡಿಯನ್ನು (ಸ್ಲರಿ) ತುಂಬಿಟ್ಟಿದ್ದ ಕೆರೆಯ ತಳ ಒಡೆದು ಸುಮಾರು 30 ಕೋಟಿ ಗ್ಯಾಲನ್ ಕಪ್ಪು ರಾಡಿ ಕೆಳಗಿದ್ದ ಹಳೆಯ ಸುರಂಗಗಳ ಮೂಲಕ ಹಳ್ಳಗಳಿಗೆ ನುಗ್ಗಿತು. ಅಲ್ಲಿ ಕೈಕೊಟ್ಟದ್ದು ಒಡ್ಡಲ್ಲ, ನೆಲ.

ಹಳೆಯ ಗಾಬ್ ರಾಶಿಗಳನ್ನು ಬಗೆದು, ಸುಣ್ಣಕಲ್ಲಿನೊಂದಿಗೆ ವಿಶೇಷ ಬಾಯ್ಲರುಗಳಲ್ಲಿ ಸುಟ್ಟು, ಕ್ಷಾರಗುಣದ ಬೂದಿಯನ್ನು ಅದೇ ಜಾಗಕ್ಕೆ ತುಂಬುವ ಪದ್ಧತಿ ಪೆನ್ಸಿಲ್ವೇನಿಯಾದಲ್ಲಿದೆ. ಇದರ ಬಗ್ಗೆ ನನ್ನ ಮನಸ್ಸು ಪೂರ್ತಿ ಒಪ್ಪಿದ್ದೂ ಅಲ್ಲ, ಒಪ್ಪದ್ದೂ ಅಲ್ಲ. ಆಮ್ಲದ ಮೂಲವನ್ನೇ ಸ್ಥಳದಿಂದ ತೆಗೆಯುವ ದಾರಿ ಬೇರೆ ಹೆಚ್ಚಿಲ್ಲ. ಆದರೆ ಬೂದಿಯಲ್ಲಿ ಆರ್ಸೆನಿಕ್, ಸೆಲೆನಿಯಂಗಳಿರುತ್ತವೆ, ಸುಟ್ಟ ಹೊಗೆಗೂ ಲೆಕ್ಕವಿದೆ. ಆಮ್ಲ ಸೋರುವ, ಬೆಂಕಿ ಹತ್ತಿದ ರಾಶಿಗಳಿಗೆ ಈ ಮದ್ದು ಸರಿ. ಮರ ಬೆಳೆದು, ನೆಲೆ ನಿಂತು, ತಿಳಿನೀರು ಹರಿಸುತ್ತಿರುವ ಹಳೆಯ ರಾಶಿಯನ್ನು ವಿದ್ಯುತ್ತಿನ ಆಸೆಗೆ ಕೆದಕಬಾರದು.

ನನ್ನ ನಿಜವಾದ ತಕರಾರು ಅವಧಿಯ ಬಗ್ಗೆ. 1977ರ ಆ ಕಾನೂನಿನಲ್ಲಿ ಸಸ್ಯಹೊದಿಕೆಯ ಹೊಣೆ ಮಳೆ ಹೆಚ್ಚಿರುವ ಕಡೆ ಐದು ವರ್ಷ, ಒಣ ಪ್ರದೇಶದಲ್ಲಿ ಹತ್ತು ವರ್ಷ. ನೀರು ಕೆಟ್ಟಿದ್ದರೆ, ಪುನಶ್ಚೇತನದ ಖಾತರಿಗೆಂದು ಗಣಿಯವರು ಇಟ್ಟ ಠೇವಣಿಯನ್ನು ಹಿಡಿದಿಡಲು ಅವಕಾಶವಿದೆ ನಿಜ, ಆದರೆ ಅವಧಿ ಮುಗಿಯುವ ದಿನಕ್ಕೆ ನೀರು ಚೆನ್ನಾಗಿಯೇ ಇದ್ದರೆ? ತ್ಯಾಜ್ಯದಲ್ಲಿರುವ ಸುಣ್ಣದಂಶ ತೀರುವವರೆಗೆ ಆಮ್ಲ ಹೊರಗೆ ಕಾಣಿಸಿಕೊಳ್ಳದು, ಪೈರೈಟಿಗೆ ಠೇವಣಿಯ ಗಡುವು ಗೊತ್ತಿಲ್ಲ. ಗಣಿಗೆ ಪರವಾನಗಿ ಕೊಡುವ ದಿನವೇ ತ್ಯಾಜ್ಯದ ಆಮ್ಲ-ಕ್ಷಾರದ ಲೆಕ್ಕ ಹಾಕಿಸಿ, ಆಮ್ಲವೇ ಮೇಲಾಗುವಂತಿದ್ದರೆ ದಶಕಗಳ ಕಾಲ ನೀರು ಸಂಸ್ಕರಿಸಲು ಸಾಕಾಗುವ ನಿಧಿಯನ್ನು ಮುಂಗಡವಾಗಿಯೇ ಕಟ್ಟಿಸಿಕೊಳ್ಳಬೇಕು. ಅಷ್ಟು ಹಣ ಕಟ್ಟಿದರೆ ಗಣಿ ಲಾಭದಾಯಕವಾಗುವುದಿಲ್ಲ ಎಂದಾದರೆ, ಆ ಇದ್ದಲು ನೆಲದಡಿಯೇ ಇರಲಿ.