ಹಾರ್ಮೋನ್ ಮಾತ್ರೆಗಳು ಮತ್ತು ನಾವು ಹೇಳದೇ ಬಿಡುವ ಲಕ್ಷಣಗಳು

ಥೈರಾಯ್ಡ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುತ್ತಿರುವವರೂ ‘ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತೀರಾ’ ಎಂದು ಕೇಳಿದರೆ ‘ಇಲ್ಲ’ ಎಂದುಬಿಡುವುದುಂಟು. ಹಲ್ಲುಜ್ಜುವಷ್ಟೇ ರೂಢಿಯಾಗಿಹೋದದ್ದು ಅವರ ಲೆಕ್ಕದಲ್ಲಿ ಔಷಧಿಯಾಗಿ ಉಳಿದಿರುವುದಿಲ್ಲ. ಹಾರ್ಮೋನ್ ಔಷಧಿಗಳ ಅಡ್ಡಪರಿಣಾಮಗಳು ತಡವಾಗಿ ಬೆಳಕಿಗೆ ಬರಲು ಈ ಮರೆವೇ ದೊಡ್ಡ ಕಾರಣವೆಂದು ನನಗನ್ನಿಸುತ್ತದೆ. ಎದೆ ಡವಗುಟ್ಟುವುದನ್ನು ಕೆಲಸದ ಒತ್ತಡಕ್ಕೂ, ನಿದ್ರೆ ಬಾರದ್ದನ್ನು ವಯಸ್ಸಿಗೂ, ಬೆವರನ್ನು ಸೆಕೆಗೂ ಹಚ್ಚಿ ಸುಮ್ಮನಾಗುತ್ತೇವೆ. ಇವು ಒಟ್ಟಿಗೆ ಬಂದು, ಕೈನಡುಕವೋ ತೂಕ ಇಳಿಕೆಯೋ ಜೊತೆಗೂಡಿದರೆ ಲೆವೊಥೈರಾಕ್ಸಿನ್ ಎಂಬ ಆ ಥೈರಾಯ್ಡ್ ಮಾತ್ರೆಯ ಪ್ರಮಾಣ ಹೆಚ್ಚಾಗಿರಬಹುದು; ಹಾಗೆಯೇ ಬಿಟ್ಟರೆ, ಅದರಲ್ಲೂ ವಯಸ್ಸಾದವರಲ್ಲಿ, ಹೃದಯದ ಬಡಿತ ತಾಳ ತಪ್ಪುವ ಮತ್ತು ಮೂಳೆ ಸವೆಯುವ ಅಪಾಯವಿದೆ. ಪ್ರಮಾಣ ಬದಲಾದ 6ರಿಂದ 8 ವಾರಗಳಿಗೆ, ಅದು ಸರಿಯಿದೆಯೇ ಎಂದು ತಿಳಿಸುವ ರಕ್ತದ ಟಿಎಸ್‌ಎಚ್ ಪರೀಕ್ಷೆ ಮಾಡಿಸಲು ಹೇಳುವುದು ಸುಮ್ಮನೆ ಅಲ್ಲ.

ಕೆಲವು ಲಕ್ಷಣಗಳಂತೂ ಮುಂದಿನ ಭೇಟಿಯವರೆಗೆ ಕಾಯುವಂಥವಲ್ಲ. ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನ್ ಇರುವ ಗರ್ಭನಿರೋಧಕ ಮಾತ್ರೆಗಳು ರಕ್ತ ಹೆಪ್ಪುಗಟ್ಟುವ ಸಾಧ್ಯತೆಯನ್ನು ತುಸು ಹೆಚ್ಚಿಸುತ್ತವೆ. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಸಾಲದಾಗುವುದು, ಎದೆನೋವು, ಹಿಂದೆಂದೂ ಕಾಣದ ತಲೆನೋವು, ಮಾತಿನ ತೊದಲು, ಇವುಗಳಲ್ಲಿ ಯಾವುದು ಕಂಡರೂ ಆ ಗಳಿಗೆಯಲ್ಲೇ ತುರ್ತು ಚಿಕಿತ್ಸೆಗೆ ಹೋಗಬೇಕು. ಸ್ತನ ಕ್ಯಾನ್ಸರಿಗೆ ಹಾರ್ಮೋನ್ ತಡೆಯುವ ಟ್ಯಾಮೊಕ್ಸಿಫೆನ್ ಸೇವಿಸುವವರಿಗೂ ಈ ಎಚ್ಚರ ಬೇಕು. ಅವರಲ್ಲಿ ಮುಟ್ಟು ನಿಂತು ವರ್ಷಗಳಾದವರು ರಕ್ತಸ್ರಾವವನ್ನು, ಅದು ಒಂದು ಸಣ್ಣ ಕಲೆಯಷ್ಟೇ ಆಗಿದ್ದರೂ, ಹೇಳಲೇಬೇಕು. ಆ ಔಷಧಿ ಸ್ತನದಲ್ಲಿ ಈಸ್ಟ್ರೊಜೆನ್ನನ್ನು ತಡೆದರೂ ಗರ್ಭಕೋಶದ ಒಳಪದರದ ಮೇಲೆ ಈಸ್ಟ್ರೊಜೆನ್ನಿನಂತೆಯೇ ವರ್ತಿಸಬಲ್ಲದು, ಅಪರೂಪಕ್ಕೆ ಅಲ್ಲಿ ಕ್ಯಾನ್ಸರಿಗೂ ಕಾರಣವಾಗಬಲ್ಲದು. ಸಂಕೋಚದಿಂದ ಇದನ್ನು ಮುಚ್ಚಿಡುವವರ ಮೇಲೆ ನನಗೆ ಬೇಸರವಿಲ್ಲ. ಬೇಸರವಿರುವುದು ಅವರನ್ನು ನೇರವಾಗಿ ಕೇಳದೆಯೇ ಚೀಟಿ ಬರೆದು ಕಳುಹಿಸುವವರ ಮೇಲೆ.

ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್‌ಗಳ ವಿಷಯ ಇನ್ನೂ ಸೂಕ್ಷ್ಮ. ವಿಪರೀತ ಬಾಯಾರಿಕೆ, ಕಪ್ಪಗಿನ ಮಲ, ವಾಸಿಯಾಗದ ಸೋಂಕು, ಇವುಗಳನ್ನು ರೋಗಿಯೇ ಗಮನಿಸಬಹುದು. ಮನಸ್ಸಿನ ಏರುಪೇರನ್ನು ಮಾತ್ರ ಮೊದಲು ಗುರುತಿಸುವವರು ಬಹುತೇಕ ಮನೆಯವರೇ, ಆದ್ದರಿಂದ ಅವರ ಮಾತಿಗೂ ಕಿವಿಗೊಡಬೇಕು. ಆದರೆ ಹೆದರಿ ಮಾತ್ರೆಯನ್ನು ತಾವಾಗಿಯೇ ಥಟ್ಟನೆ ನಿಲ್ಲಿಸುವುದು ಅಡ್ಡಪರಿಣಾಮಕ್ಕಿಂತ ಅಪಾಯಕಾರಿಯಾಗಬಹುದು. ಕೆಲವು ವಾರ ಸೇವಿಸಿದ ಮೇಲೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ದೇಹದ ಸಹಜ ಸ್ಟೀರಾಯ್ಡ್ ಹಾರ್ಮೋನ್ ಆದ ಕಾರ್ಟಿಸಾಲ್ ತಯಾರಿಕೆಯನ್ನು ತಗ್ಗಿಸಿರುತ್ತವೆ, ಹೊರಗಿನದು ತಪ್ಪಿದೊಡನೆ ರಕ್ತದೊತ್ತಡ ಕುಸಿಯಬಹುದು. ದೀರ್ಘಕಾಲ ಸ್ಟೀರಾಯ್ಡ್ ಸೇವಿಸುತ್ತಿರುವವರಿಗೆ ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಅದೊಂದೇ ಅದೇ ದಿನ ವೈದ್ಯರನ್ನು ಕಾಣಲು ಸಾಕಾದ ಕಾರಣ.