ಲಂಗದೊಳಗಿನ ರಾಟೆ

ಬೆಳಿಗ್ಗೆ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ಹಳೇ ಫೋಟೋ ಬಂದು ಬಿತ್ತು. ಪಾದ ಮುಚ್ಚೋ ಲಂಗ, ತಲೆ ಮೇಲೆ ಹ್ಯಾಟು, ಪಕ್ಕದಲ್ಲಿ ಸೈಕಲ್ಲು. ವಿಕ್ಟೋರಿಯಾ ರಾಣಿ ಕಾಲದ ಇಂಗ್ಲೆಂಡಿನ ಹೆಂಗಸು. ಕೆಳಗೆ ನಮ್ಮ ಭಾವನೋರ ಷರಾ: 'ಘನತೆ ಅಂದ್ರೆ ಇದು. ಈಗಿನವೂ ಇವೆ, ಚಡ್ಡಿ ಹಾಕ್ಕೊಂಡು!' ಅದಕ್ಕೆ ಹನ್ನೆರಡು ಜನರ ನಮಸ್ಕಾರ ಬೇರೆ.

ಭಾವನೋರೇ, ಇಪ್ಪತ್ತು ವರ್ಷದಿಂದ ಹೊಲಿಗೆ ಮಷಿನ್ ತುಳೀತಿರೋಳು ನಾನು. ಲಂಗ ಕಂಡ್ರೆ ಒಳಗಡೆ ತಿರುಗಿಸಿ ನೋಡೋ ಬುದ್ಧಿ. ಆ ಘನತೆಯ ಒಳಗೇನಿತ್ತು ಹೇಳ್ಲಾ? 1895ರಲ್ಲಿ ಲಂಡನ್ನಿನ ಆಲಿಸ್ ಬೈಗ್ರೇವ್ ಅನ್ನೋ ದರ್ಜಿ ಒಂದು ಸೈಕಲ್ ಲಂಗಕ್ಕೆ ಪೇಟೆಂಟ್ ತಗೊಂಡ್ಳು. ಹಿಂದೆ ಮುಂದೆ ಹೊಲಿಗೆಯೊಳಗೆ ಪುಟ್ಟ ರಾಟೆ, ದಾರ. ಸೊಂಟದ ಹತ್ರ ಎಳೆದ್ರೆ ಲಂಗ ಮೇಲೆ, ಬಿಟ್ರೆ ಕೆಳಗೆ. ಬಾವಿ ರಾಟೆ ಕಣ್ರೀ, ಲಂಗದೊಳಗೆ! ಯಾಕಂದ್ರೆ ಉದ್ದ ಬಿಟ್ರೆ ಚಕ್ರಕ್ಕೆ ಸಿಕ್ಕಿ ಬೀಳ್ತಿದ್ರು, ಲಂಗ ಬಿಟ್ಟು ಚಡ್ಡಿ (ಆಗಿನದು ಮಂಡಿ ತನಕದ ದೊಗಲೆ ಚಡ್ಡಿ) ಹಾಕಿದ್ರೆ ಊರು ಉಗೀತಿತ್ತು.

1893ರಲ್ಲಿ ಹದಿನಾರರ ಹುಡುಗಿ ಟೆಸ್ಸಿ ರೆನಾಲ್ಡ್ಸ್ ಬ್ರೈಟನ್ ಊರಿಂದ ಲಂಡನ್ನಿಗೆ ಸೈಕಲ್ ತುಳ್ಕೊಂಡು ಹೋಗಿ ವಾಪಸ್ ಬಂದ್ಳು, ಎಂಟೂವರೆ ಗಂಟೇಲಿ. ಗಲಾಟೆ ಆಗಿದ್ದು ಅವಳ ಚಡ್ಡಿ ಬಗ್ಗೆ. ಲೇಡಿ ಹಾರ್ಬರ್ಟನ್ ಕಥೆ ಇನ್ನೂ ಚಂದ. ಹೆಂಗಸರ ಒಳಬಟ್ಟೆ ತೂಕ ಏಳು ಪೌಂಡ್ ಮೀರಬಾರದು ಅಂತ ಸಂಘ ಕಟ್ಟಿ ಹೋರಾಡಿದೋರು. (ಏಳು ಪೌಂಡು ಅಂದ್ರೆ ಮೂರು ಕೆಜಿ ಮೇಲೆ. ಅದು ಕಮ್ಮಿ ಮಾಡಿದ್ದು!) 1898ರಲ್ಲಿ ಸರ್ರೆಯ ಒಂದು ಹೋಟೆಲಿನ ಕಾಫಿ ರೂಮಿಗೆ ಅವರನ್ನ ಬಿಟ್ಕೊಳ್ಳಲಿಲ್ಲ, ಲಂಗದ ಬದಲು ಚಡ್ಡಿ ಹಾಕಿದಾರೆ ಅಂತ. ಕೇಸು ಕೋರ್ಟಿಗೆ ಹೋಯ್ತು, ಗೆದ್ದಿದ್ದು ಹೋಟೆಲಿನೋರು. ಘನತೆ!

'ಎಷ್ಟೋ ಜನ ಲಂಗದಲ್ಲೇ ಆರಾಮಾಗಿ ಓಡಿಸಿದ್ರಲ್ಲ' ಅಂತ ತಂಗಿ ಗಂಡನ ವಾದ. ಓಡಿಸಿದ್ರಪ್ಪ. ಚೈನಿಗೆ ಕವರು ಹಾಕಿ, ಹಿಂದಿನ ಚಕ್ರಕ್ಕೆ ಬಲೆ ಕಟ್ಟಿ, ನಡುವಿನ ಬಾರನ್ನೇ ಕೆಳಗಿಳಿಸಿ. ನಮ್ಮ ಲೇಡೀಸ್ ಸೈಕಲ್ಲಿನ ಆಕಾರ ಬಂದಿದ್ದೇ ಹಾಗೆ. ಕಬ್ಬಿಣ ಬಗ್ಗಿಸಿದ್ರು, ಬಟ್ಟೆ ತಂಟೆಗೆ ಹೋಗಲಿಲ್ಲ.

ನಾನೂ ಲಂಗದಲ್ಲೇ ಸೈಕಲ್ ಕಲಿತೋಳು. ಅಂಚು ಚೈನಿಗೆ ಸಿಕ್ಕಿ ಬಿದ್ದಾಗ ಅಮ್ಮ ಮೊದಲು ನೋಡಿದ್ದು ಲಂಗದ ಗ್ರೀಸ್ ಕಲೆ, ಆಮೇಲೆ ಮಂಡಿ.

ಇಷ್ಟು ಬರೆಯೋವಾಗ ಮಗಳು ಹಿಂದೆ ನಿಂತು ಓದಿ ಕಿಸಕ್ಕನೆ ನಕ್ಕಳು. ಹೋದ ಭಾನುವಾರ ಅವಳು ಶಾರ್ಟ್ಸ್ ಹಾಕಿ ಸೈಕಲ್ ತೆಗೆದಾಗ, 'ಮೇಲೊಂದು ಉದ್ದ ಟಾಪ್ ಹಾಕ್ಕೊಳೇ, ದೊಡ್ಡಪ್ಪ ಜಗಲಿ ಮೇಲೆ ಕೂತಿದಾರೆ' ಅಂದೋಳು ನಾನೇ.