ನಿನ್ನೆ ಎಡವಿದವಳ ಮಾತು ಇಂದಿನವನಿಗೆ ಪಾಠವಾಗಬಹುದೆ?

ಮೊದಲು ಕಲಿತವರು ಬರೆದಿಟ್ಟ ವಿವರಣೆಯನ್ನು ಪಾಠ ಹೇಳುವ ಕಂಪ್ಯೂಟರ್ ಉಳಿಸಿಕೊಂಡು, ಮುಂದೆ ಅಲ್ಲೇ ಎಡವುವ ಮಗುವಿಗೆ ತೋರಿಸಬೇಕೆ? ಎರಡು ವಾದ ಇಲ್ಲಿವೆ.

ಪರ

ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ ಅಂದರೆ ಎಷ್ಟೋ ಮಕ್ಕಳು 2/5 ಎಂದು ಬರೆಯುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು, ಮುಗಿಯಿತು! ಕಂಪ್ಯೂಟರ್ ಮೇಷ್ಟ್ರು ಆಗ ಲ.ಸಾ.ಅ. ಹಂತಗಳನ್ನು ಮತ್ತೊಮ್ಮೆ ಒಪ್ಪಿಸುತ್ತಾರೆ. ಅದೇ ತಪ್ಪು ಮಾಡಿ ತಿದ್ದಿಕೊಂಡ ಹುಡುಗಿಯೊಬ್ಬಳು, "ಅರ್ಧ ರೊಟ್ಟಿಗೆ ಇನ್ನಷ್ಟು ಸೇರಿಸಿದ ಮೇಲೂ ಅರ್ಧಕ್ಕಿಂತ ಕಮ್ಮಿ ಆಗೋದು ಹೆಂಗೆ?" ಎಂದು ಬರೆದಿಟ್ಟಿದ್ದರೆ ಆ ಸಾಲು ಸಾಕು. ಬಲ್ಲವರಿಗೆ ತಾವು ಎಲ್ಲಿ ಎಡವಿದ್ದೆವೆಂಬುದೇ ಮರೆತಿರುತ್ತದೆ.

ಕೆನಡಾದ ಸಂಶೋಧಕ ಗಾರ್ಡ್ ಮೆಕಾಲಾ 2004ರಲ್ಲೇ ಈ ದಾರಿ ತೋರಿಸಿದ್ದರು: ಪ್ರತಿ ಪಾಠದ ಜೊತೆಗೂ ಅದನ್ನು ಕಲಿತವರ ಅನುಭವ ಉಳಿಯಲಿ, ಮುಂದೆ ಅಂಥದೇ ವಿದ್ಯಾರ್ಥಿ ಬಂದಾಗ ಅದನ್ನು ನೋಡಿ ಪಾಠ ಆರಿಸೋಣ. 2016ರ ಆಕ್ಸಿಸ್ ಎಂಬ ವ್ಯವಸ್ಥೆ ಗಣಿತಕ್ಕೆ ಕಲಿಯುವವರಿಂದಲೇ ವಿವರಣೆ ಬರೆಸಿ, ಓದಿದವರು ಕೊಟ್ಟ ಅಂಕದಿಂದ ಜರಡಿ ಹಿಡಿಯಿತು. ಜರಡಿಯಲ್ಲಿ ಉಳಿದವು ಅನುಭವಿ ಶಿಕ್ಷಕರ ವಿವರಣೆಗೆ ಸರಿಸಾಟಿಯಾದವು. ನಮಗಿದು ಹೊಸದೂ ಅಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಗೆಳೆಯರ ನೆರವಿನಿಂದ ಕಲಿಯುವವರಿಗೆಂದೇ ಒಂದು ತಟ್ಟೆ, ಅಂದರೆ ಗುಂಪು, ಇದೆ.

ವಿರೋಧ

ನಲಿ-ಕಲಿಯ ತಟ್ಟೆಯನ್ನು ಇಲ್ಲಿಗೆ ಎಳೆಯಬೇಡಿ. ಅಲ್ಲಿ ಗೆಳತಿ ಎದುರಿಗೇ ಕೂತಿರುತ್ತಾಳೆ. ತಿಳಿಯಲಿಲ್ಲ ಅಂದರೆ ಕಡ್ಡಿ ಜೋಡಿಸಿ ತೋರಿಸುತ್ತಾಳೆ, ತಪ್ಪು ಹೇಳಿದರೆ ಟೀಚರ್ ಕಿವಿಗೆ ಬೀಳುತ್ತದೆ. ಯಂತ್ರದಲ್ಲಿ ಉಳಿಯುವುದು ಅವಳ ಒಂದು ಸಾಲು ಮಾತ್ರ.

ಆ ಸಾಲನ್ನು ಆರಿಸುವುದಾದರೂ ಹೇಗೆ? ಓದಿದವರು ಮೆಚ್ಚಿ ಕೊಟ್ಟ ಅಂಕದಿಂದ, ಇಲ್ಲವೇ ಮುಂದಿನ ಲೆಕ್ಕ ಸರಿಯಾಯಿತೇ ಎಂದು ನೋಡಿ. (ಆಕ್ಸಿಸ್‌ನಲ್ಲಿ ಅಂಕ ಕೊಟ್ಟವರು ವಯಸ್ಕರು, ಐದನೇ ಕ್ಲಾಸಿನ ಮಕ್ಕಳಲ್ಲ.) ಎರಡು ಕಡೆಯೂ ಗೆಲ್ಲುವುದು ಅಡ್ಡದಾರಿಯೇ. "ಅಡ್ಡಡ್ಡ ಗುಣಿಸಿ ಕೂಡು, ಕೆಳಗಿನವೆರಡನ್ನು ಗುಣಿಸಿ ಕೆಳಗೆ ಹಾಕು" ಎಂದು ಯಾರೋ ಬರೆದರೆ 5/6 ಥಟ್ಟನೆ ಬರುತ್ತದೆ, ಅದರ ಹಿಂದೆಯೇ ಹತ್ತು ಲೆಕ್ಕವೂ ಸರಿಯಾಗುತ್ತವೆ. ಮೂರು ಭಿನ್ನರಾಶಿ ಎದುರಾದ ದಿನ ಮಗು ತಬ್ಬಿಬ್ಬು. ಅಷ್ಟರಲ್ಲಿ ಆ ಉಪಾಯ ಪಟ್ಟಿಯ ತುದಿಗೇರಿ, ರೊಟ್ಟಿಯ ಸಾಲು ತಳ ಸೇರಿರುತ್ತದೆ.

"ನಿನ್ನಂಥವರು ಹೀಗೆ ಕಲಿತರು" ಎಂದು ಯಂತ್ರ ಹೇಳಬೇಕಾದರೆ ಅದರ ಬಳಿ ಅಂಥವರ ಬರಹ ಸಾಕಷ್ಟು ಇರಬೇಕು. ಬೆಂಗಳೂರಿನ ಇಂಗ್ಲಿಷ್ ಮೀಡಿಯಂ ಮಕ್ಕಳ ಬರಹವೇ ರಾಶಿಬಿದ್ದಲ್ಲಿ ಸುರಪುರದ ಕನ್ನಡ ಶಾಲೆಯ ಹುಡುಗನನ್ನು ಯಾರ ಜೊತೆ ಹೋಲಿಸುತ್ತೀರಿ?

ಇನ್ನು, 18 ತುಂಬದವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಮೊಬೈಲಿನಲ್ಲಿ "ಸಮ್ಮತಿ" ಒತ್ತುವ ಅಪ್ಪನಿಗೆ, ಮಗಳ ಇವತ್ತಿನ ತಪ್ಪು ಲೆಕ್ಕ ಮುಂದಿನ ವರ್ಷ ಯಾರದೋ ಪಾಠವಾಗುತ್ತದೆಂದು ಬಿಡಿಸಿ ಹೇಳುವವರು ಯಾರು?